ನೀರಿಗೆ ಬಿದ್ದ ಮೊಬೈಲ್: ಮೊದಲ ನಿಮಿಷ ಏನು ಮಾಡಬೇಕು, ಆಮೇಲೆ ಎರಡು ದಿನ ಏನು ಮಾಡಬಾರದು

ಮಳೆ ಶುರುವಾಯಿತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತದೆ. ಮೈಸೂರಿನಿಂದ ಒಬ್ಬರು, ಮಂಡ್ಯದಿಂದ ಇನ್ನೊಬ್ಬರು, ಪಾಂಡವಪುರದಿಂದ ಮತ್ತೊಬ್ಬರು. “ಫೋನ್ ನೀರಿಗೆ ಬಿತ್ತು, ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೀನಿ. ಎಷ್ಟು ದಿನ ಬಿಡಬೇಕು?”

ಮೊದಲು ಅಕ್ಕಿಯಿಂದ ಹೊರಗೆ ತೆಗೆಯಿರಿ. ಆಮೇಲೆ ಹೇಳಿ, ಫೋನ್ ಆಫ್ ಮಾಡಿದ್ದೀರಾ? ಇದಕ್ಕೆ ಹೆಚ್ಚಿನವರ ಉತ್ತರ ಹೀಗಿರುತ್ತದೆ: “ಮಾಡಿದ್ದೆ. ಆದ್ರೆ ಸರಿ ಹೋಯ್ತಾ ಅಂತ ನಡುವೆ ಎರಡು ಸಲ ಆನ್ ಮಾಡಿ ನೋಡಿದೆ.” ನೀರು ಮಾಡಿದ ಹಾನಿಗಿಂತ ಆ ಎರಡು ಸಲ ಆನ್ ಮಾಡಿದ್ದರಿಂದ ಆದ ಹಾನಿಯೇ ಜಾಸ್ತಿ ಇರುತ್ತದೆ. ಅದು ಯಾಕೆ ಅಂತ ತಿಳಿದುಕೊಂಡರೆ ಮುಂದಿನ ಹಂತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಒಳಗೆ ಆಗುವುದೇನು

ಹಿತ್ತಾಳೆ ಚೊಂಬನ್ನು ತೊಳೆಯದೆ ಒದ್ದೆ ಜಾಗದಲ್ಲಿ ಬಿಟ್ಟರೆ ಹಸಿರು ಕಿಲುಬು ಕಟ್ಟುತ್ತದೆ ಅಲ್ವಾ? ಫೋನಿನ ಒಳಗಿನ ಬೋರ್ಡಿನಲ್ಲೂ ತಾಮ್ರವಿದೆ, ಅಲ್ಲಿ ಕಟ್ಟುವುದೂ ಅದೇ ಕಿಲುಬು. ಒಂದು ವ್ಯತ್ಯಾಸವಿದೆ. ಚೊಂಬಿಗೆ ಕಿಲುಬು ಹಿಡಿಯಲು ದಿನಗಟ್ಟಲೆ ಬೇಕು. ಬೋರ್ಡಿನಲ್ಲಿ ಕರೆಂಟ್ ಹರಿಯುತ್ತಿದ್ದರೆ ಕೆಲವೇ ಗಂಟೆ ಸಾಕು.

ನಲ್ಲಿ ನೀರು, ಬೋರ್‌ವೆಲ್ ನೀರು, ಹೊಳೆ ನೀರು, ಎಲ್ಲದರಲ್ಲೂ ಲವಣ ಕರಗಿರುತ್ತದೆ. ಹಾಗಾಗಿ ಆ ನೀರಿನಲ್ಲಿ ಕರೆಂಟ್ ಹರಿಯುತ್ತದೆ. ಬ್ಯಾಟರಿಯ ಪ್ಲಸ್ ಕಡೆಯ ಲೋಹ ಕರಗಿ ನೀರಿಗೆ ಇಳಿಯುತ್ತದೆ, ಮೈನಸ್ ಕಡೆಗೆ ಸಾಗಿ ಅಲ್ಲಿ ಕೂರುತ್ತದೆ. ಇದಕ್ಕೆ ಎಲೆಕ್ಟ್ರಾಲಿಸಿಸ್ ಅನ್ನುತ್ತಾರೆ. ಒಡವೆಗೆ ಚಿನ್ನದ ನೀರು ಹಾಕುವವರು ಬೇಕಂತಲೇ ಮಾಡುವ ಕೆಲಸ ಇಲ್ಲಿ ಬೇಡದ ಜಾಗದಲ್ಲಿ ನಡೆಯುತ್ತದೆ.

ಗದ್ದೆ ನೀರಿಗೆ ಬಿದ್ದ ಕೀಪ್ಯಾಡ್ ಫೋನೊಂದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಟರಿಗೆ ತಾಗುವ ಮೂರು ಸಣ್ಣ ಪಿನ್ನುಗಳು ಪಕ್ಕಪಕ್ಕದಲ್ಲಿದ್ದವು. ಮೈನಸ್ ಪಿನ್ ಹೊಳೆಯುತ್ತಿತ್ತು. ನಡುವಿನದು ಸ್ವಲ್ಪ ಮಂಕಾಗಿತ್ತು. ಪ್ಲಸ್ ಪಿನ್ನಿನ ಬುಡ ಮಾತ್ರ ಹಸಿರು ಪುಡಿಯಾಗಿತ್ತು, ಬ್ರಷ್ ತಾಗಿಸಿದರೆ ಪಿನ್ನೇ ಕಿತ್ತುಬಂತು. ಮೂರೂ ನೆನೆದದ್ದು ಅದೇ ನೀರಿನಲ್ಲಿ, ಅಷ್ಟೇ ಹೊತ್ತು.

ಅಂದರೆ ಮೊದಲು ಕರೆಂಟ್ ನಿಲ್ಲಿಸಬೇಕು, ಒಣಗಿಸುವುದು ಆಮೇಲಿನ ಮಾತು. ಇನ್ನೊಂದು ವಿಷಯವೂ ನೆನಪಿರಲಿ. ನೀರು ಆರಿದ ಮೇಲೂ ಲವಣ ಅಲ್ಲೇ ಉಳಿಯುತ್ತದೆ. ಬೋರ್‌ವೆಲ್ ನೀರು ಆರಿದ ಬಕೆಟ್ಟಿನಲ್ಲಿ ಬಿಳಿ ಗೆರೆ ನಿಲ್ಲುವ ಹಾಗೆ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಆ ಲವಣ ಮತ್ತೆ ಪಸೆ ಹಿಡಿದು ಕಿಲುಬಿನ ಕೆಲಸ ಮುಂದುವರಿಸುತ್ತದೆ. ಒಣಗಿದ್ದೆಲ್ಲ ಸ್ವಚ್ಛವಾಗಿದೆ ಅಂತ ಅಲ್ಲ.

ಬಿದ್ದದ್ದು ಯಾವುದರಲ್ಲಿ?

ಮಳೆ ನೀರು, ಫಿಲ್ಟರ್ ಮಾಡಿದ ಕುಡಿಯುವ ನೀರು ಆದರೆ ಸ್ವಲ್ಪ ಉಸಿರಾಡಲು ಸಮಯವಿದೆ. ಗಡಸು ಬೋರ್‌ವೆಲ್ ನೀರು, ನಾಲೆಯ ಕೆಸರು ನೀರು ಅದಕ್ಕಿಂತ ಕೆಟ್ಟದ್ದು. ಸೋಪಿನ ನೀರು ಇನ್ನೂ ಸಣ್ಣ ಸಂದಿಗೂ ನುಗ್ಗುತ್ತದೆ.

ಕಾಫಿ, ಟೀ, ಕಬ್ಬಿನ ಹಾಲು ಚೆಲ್ಲಿದ್ದರೆ ಆರಿಸುವುದರಿಂದ ಏನೂ ಪ್ರಯೋಜನವಿಲ್ಲ. ಸಕ್ಕರೆ ಪಾಕದ ಹಾಗೆ ಗಟ್ಟಿಯಾಗಿ ಬಟನ್ನು, ಸ್ಪೀಕರಿನ ಜಾಲರಿ ಎಲ್ಲ ಅಂಟಿಕೊಳ್ಳುತ್ತದೆ. ಎಳನೀರು ನೋಡಲು ನೀರಿನ ಹಾಗಿದ್ದರೂ ಅದರಲ್ಲಿ ಪೊಟ್ಯಾಸಿಯಂ ಲವಣ ಸಾಕಷ್ಟಿದೆ. ಮದ್ದೂರಿನ ಹತ್ತಿರ ಗಾಡಿ ನಿಲ್ಲಿಸಿ ಎಳನೀರು ಕುಡಿಯುವಾಗ ಚೆಲ್ಲಿಕೊಂಡರೆ ಅದನ್ನು ಬರೀ ನೀರು ಅಂದುಕೊಳ್ಳಬೇಡಿ. ಇಂಥವು ಒಳಗೆ ಹೋಗಿದ್ದರೆ ಅದೇ ದಿನ ಬಿಚ್ಚಿಸಿ ತೊಳೆಸಬೇಕು.

ಏನೇನು ಬೇಕು

ನೂಲು ಬಿಡದ ಮೆತ್ತನೆ ಬಟ್ಟೆ. ಹಳೆಯ ಪಂಚೆಯ ತುಂಡು ಇದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಸಿಮ್ ತಟ್ಟೆ ತೆಗೆಯುವ ಪಿನ್. ಟೇಬಲ್ ಫ್ಯಾನ್. ಗಾಳಿಯಾಡದ ಮುಚ್ಚಳದ ಡಬ್ಬ. ಚಪ್ಪಲಿ ಪೆಟ್ಟಿಗೆ, ಹೊಸ ಬ್ಯಾಗುಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳು. ಇವು ತೇವ ಹೀರುವ ಸಣ್ಣ ಹರಳುಗಳು. ಎಸೆಯದೆ ಮುಚ್ಚಿದ ಡಬ್ಬದಲ್ಲಿ ಕೂಡಿಡುತ್ತಾ ಬನ್ನಿ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ನೀವೇ ಬಿಚ್ಚಿ ತೊಳೆಯಬಲ್ಲ ರಿಮೋಟ್, ಕೀಪ್ಯಾಡ್ ಫೋನಿನಂಥವಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ಐಪಿಎ ಅನ್ನುತ್ತಾರೆ. ಬಾಟಲಿ ಮೇಲೆ 99 ಪರ್ಸೆಂಟ್ ಅಥವಾ ಅದರ ಹತ್ತಿರದ ಅಂಕಿ ಇರಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರಿದೆ, ಗ್ಲಿಸರಿನ್‌ನಂಥ ಅಂಟೂ ಇರುತ್ತದೆ. ಐಪಿಎ ಬೇಗ ಬೆಂಕಿ ಹಿಡಿಯುವ ವಸ್ತು. ಗ್ಯಾಸ್ ಒಲೆ, ದೇವರ ದೀಪ ಇರುವ ಕಡೆ ಬಳಸಬೇಡಿ, ಕಿಟಕಿ ತೆರೆದಿಡಿ.

ಹಂತ 1: ನೀವು ಮೊದಲು, ಫೋನ್ ಆಮೇಲೆ

ಚಾರ್ಜರ್ ಸಿಕ್ಕಿಸಿದ್ದಾಗಲೇ ನೆನೆದಿದ್ದರೆ ಫೋನ್ ಮುಟ್ಟಬೇಡಿ. ಗೋಡೆಯ ಸ್ವಿಚ್ ಆಫ್ ಮಾಡಿ. ಸ್ವಿಚ್ಚೇ ಒದ್ದೆಯಾಗಿದ್ದರೆ ಮೇನ್ ಇಳಿಸಿ. ಆಮೇಲೆ ಪ್ಲಗ್ ಕೀಳಿ.

ಹೊಳೆಗೋ ನಾಲೆಗೋ ಬಿದ್ದಿದ್ದರೆ ಅದರ ಹಿಂದೆ ಇಳಿಯಬೇಡಿ. ಕಾವೇರಿ ತೀರದ ಬಲಮುರಿಯಲ್ಲಿ ನೀರು ತೆಳುವಾಗಿ ಕಾಣುತ್ತದೆ, ಕಲ್ಲು ಪಾಚಿ ಕಟ್ಟಿರುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೆಳೆತ ಮೇಲಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ. ಹೋದ ಫೋನ್ ಹೋಗಲಿ.

ಹಂತ 2: ಆಫ್ ಮಾಡಿ

ಕೈಗೆ ಸಿಕ್ಕ ತಕ್ಷಣ ಆಫ್. ಯಾರ ಮೆಸೇಜೂ ನೋಡಬೇಡಿ, ಫೋಟೋ ಉಳಿದಿದೆಯಾ ಅಂತಲೂ ನೋಡಬೇಡಿ. ಒದ್ದೆ ಪರದೆ ಬೆರಳಿನ ಮಾತು ಕೇಳುವುದಿಲ್ಲ, ಹಾಗಾಗಿ ಮೊದಲು ಪರದೆಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಪವರ್ ಬಟನ್ ಒತ್ತಿ ಹಿಡಿಯಿರಿ. ಕೆಲವು ಫೋನುಗಳು ಹೀಗೆ ಹಿಡಿದರೆ ಆಫ್ ಆಗುವ ಬದಲು ಮತ್ತೆ ಶುರುವಾಗುತ್ತವೆ. ಹಾಗಾದರೆ ಪರದೆಯ ಮೆನುವಿನಿಂದಲೇ ಆಫ್ ಮಾಡಿ. ಮನೆಯಲ್ಲಿರುವ ಎಲ್ಲ ಫೋನುಗಳನ್ನೂ ಆಫ್ ಮಾಡುವುದು ಹೇಗೆ ಅಂತ ಇವತ್ತೇ ಒಂದು ಸಲ ನೋಡಿಟ್ಟುಕೊಳ್ಳಿ. ಹೊಸ ಫೋನುಗಳಲ್ಲಿ ಪವರ್ ಬಟನ್ ಒತ್ತಿದರೆ ಮಾತಾಡುವ ಸಹಾಯಕ ಎದ್ದು ಕೂರುತ್ತದೆ, ಗಾಬರಿಯಲ್ಲಿ ಕೈಕಾಲು ಆಡುವುದಿಲ್ಲ.

ತಾನಾಗೇ ಆಫ್ ಆಗಿದ್ದರೆ ಹಾಗೇ ಬಿಡಿ.

ಹಂತ 3: ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ

ಹಿಂದಿನ ಕವರ್, ಸಿಮ್ ತಟ್ಟೆ, ಮೆಮೊರಿ ಕಾರ್ಡ್, ಇಯರ್‌ಫೋನ್ ಎಲ್ಲ ಹೊರಗೆ ಬರಲಿ. ಬ್ಯಾಟರಿ ಕೈಯಲ್ಲೇ ತೆಗೆಯಲು ಬರುವ ಫೋನಾದರೆ ಆಫ್ ಮಾಡುವುದಕ್ಕೂ ಕಾಯಬೇಡಿ, ನೇರ ಬ್ಯಾಟರಿ ಎತ್ತಿ. ಕೀಪ್ಯಾಡ್ ಫೋನ್ ಬದುಕಿ ಉಳಿಯುವುದು ಹೆಚ್ಚಾಗಿ ಇದರಿಂದಲೇ.

ಬ್ಯಾಟರಿ ಒಳಗೇ ಅಂಟಿಸಿರುವ ಫೋನಿನಲ್ಲಿ ಚಾಕು, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ಹಿಂಭಾಗ ಉಬ್ಬಿದ್ದರೆ, ಮುಟ್ಟಲು ಬಿಸಿ ಇದ್ದರೆ, ನೇಲ್ ಪಾಲಿಶಿನಂಥ ಸಿಹಿ ವಾಸನೆ ಬಂದರೆ ಉಳಿಸುವ ಯೋಚನೆ ಬಿಡಿ. ಹಾಸಿಗೆ, ಪರದೆ ಬಟ್ಟೆ, ಕಾಗದದಿಂದ ದೂರ, ಹೊರಗಿನ ಸಿಮೆಂಟ್ ನೆಲದ ಮೇಲಿಟ್ಟು ದೂರ ನಿಲ್ಲಿ.

ಸಿಮ್ ಒರೆಸಿ ಮನೆಯಲ್ಲಿರುವ ಬೇರೆ ಫೋನಿಗೆ ಹಾಕಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಈ ನಂಬರಿಗೇ ತಾನೇ? ಅದು ಬೇರೆ ಕಡೆ ಬರುತ್ತಿದ್ದರೆ ನೆನೆದ ಫೋನನ್ನು ಅವಸರದಲ್ಲಿ ಆನ್ ಮಾಡುವ ಒತ್ತಡವೇ ಇರುವುದಿಲ್ಲ. ಎರಡು ದಿನ ತಾಳ್ಮೆಯಿಂದ ಇರಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು.

ಹಂತ 4: ನೀರು ಇಳಿಸಿ

ಜೋರಾಗಿ ಒದರಬೇಡಿ. ಒದರಿದರೆ ತೂತಿನ ಬಾಯಲ್ಲಿ ನಿಂತಿದ್ದ ನೀರು ಒಳಗಿನ ಮೂಲೆಗೆ ಹೋಗುತ್ತದೆ. ಚಾರ್ಜಿಂಗ್ ತೂತು ಕೆಳಗೆ ಬರುವ ಹಾಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಹೊರಗೆಲ್ಲ ಬಟ್ಟೆಯಿಂದ ಒತ್ತಿ ತೆಗೆಯಿರಿ. ಚಾರ್ಜಿಂಗ್ ತೂತಿಗೆ ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿ, ಟಿಶ್ಯೂ ತುದಿ ಯಾವುದನ್ನೂ ತೂರಿಸಬೇಡಿ. ಎಳೆ ಒಳಗೇ ಉಳಿಯುತ್ತದೆ, ಪಿನ್ ಬಾಗುತ್ತದೆ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ.

ಕಾಫಿ, ಕಬ್ಬಿನ ಹಾಲಿನಂಥದ್ದು ಚೆಲ್ಲಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹೊರಗಿನ ಅಂಟನ್ನೆಲ್ಲ ಒರೆಸಿ. ಆಮೇಲೆ ಐದನೇ ಹಂತಕ್ಕೆ ಹೋಗದೆ ನೇರ ಅಂಗಡಿಗೆ ನಡೆಯಿರಿ.

ಬ್ಯಾಟರಿ ತೆಗೆದ ಕೀಪ್ಯಾಡ್ ಫೋನ್, ಟಿವಿ ರಿಮೋಟ್‌ನಂಥವಕ್ಕೆ ಇನ್ನೊಂದು ಅನುಕೂಲವಿದೆ. ಕೆಸರು, ಸಕ್ಕರೆ ಹೋಗಿದ್ದರೆ ಸ್ಕ್ರೂ ಬಿಚ್ಚಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೋರ್ಡನ್ನು ತೊಳೆಯಬಹುದು. ಆ ನೀರಿನಲ್ಲಿ ಲವಣವಿರುವುದಿಲ್ಲ. ಆಮೇಲೆ ಐಪಿಎ ಹಾಕಿ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ. ಹಸಿರು ಬಿಳಿ ಪುಡಿ ಹೋಗುವ ತನಕ ಸಾಕು, ಬಲ ಹಾಕಬೇಡಿ. ಪರದೆ, ಕ್ಯಾಮೆರಾ, ಸ್ಪೀಕರಿಗೆ ಐಪಿಎ ತಾಗಬಾರದು.

ಹಂತ 5: 48 ಗಂಟೆ ಗಾಳಿ

ನೆರಳಿನಲ್ಲಿ, ಟೇಬಲ್ ಫ್ಯಾನಿನ ಮುಂದೆ, ಚಾರ್ಜಿಂಗ್ ತೂತು ಕೆಳಗೆ ಬರುವ ಹಾಗೆ ಓರೆಯಾಗಿ ಒರಗಿಸಿಡಿ. ಒಂದು ಲೋಟಕ್ಕೆ ಒರಗಿಸಿದರೂ ಸಾಕು. ಸಿಮ್ ತಟ್ಟೆಯ ಜಾಗ ತೆರೆದೇ ಇರಲಿ. ಮೊದಲ ದಿನ ಹರಿಯುವ ಗಾಳಿಯೇ ಮುಖ್ಯ. ಎರಡನೇ ದಿನ ಸಿಲಿಕಾ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಮುಚ್ಚಿಡಬಹುದು. ಜಡಿಮಳೆ ಹಿಡಿದು ಗೋಡೆಯೆಲ್ಲ ತೇವ ಇರುವಾಗ ಫ್ಯಾನ್ ಗಾಳಿಯೂ ತೇವವೇ, ಅಂಥ ದಿನ ಸಿಲಿಕಾವನ್ನೇ ಬೇಗ ಬಳಸಿ.

ಎರಡು ದಿನ ಯಾಕೆ ಅಂದರೆ, ಬೋರ್ಡಿನ ಮೇಲಿರುವ ಚಿಪ್ಪುಗಳ ಅಡಿಯಲ್ಲಿ ಕಾಗದದಷ್ಟು ತೆಳು ಸಂದಿ ಇರುತ್ತದೆ. ಎರಡು ಗಾಜಿನ ನಡುವೆ ಸಿಕ್ಕಿದ ನೀರಿನ ಹಾಗೆ ಅಲ್ಲಿ ನೀರು ಕಚ್ಚಿ ಕೂರುತ್ತದೆ. ಹೊರಗೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ.

ಈಗ ಅಕ್ಕಿ ವಿಷಯಕ್ಕೆ ಬರೋಣ. ನಮ್ಮದು ಭತ್ತದ ಸೀಮೆ, ಮನೆಯಲ್ಲಿ ಅಕ್ಕಿಗೆ ಬರವಿಲ್ಲ, ಹಾಗಾಗಿ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಫೋನಿನ ಒಳಗೆ ಸಿಕ್ಕಿಹಾಕಿಕೊಂಡ ನೀರನ್ನು ಎಳೆದು ತೆಗೆಯುವ ಶಕ್ತಿ ಅಕ್ಕಿಗಿಲ್ಲ. ಹೂತಿಟ್ಟರೆ ಗಾಳಿಯೂ ಆಡುವುದಿಲ್ಲ, ಬರೀ ಮೇಜಿನ ಮೇಲಿಟ್ಟರೆ ಅದಕ್ಕಿಂತ ವಾಸಿ. ಮೇಲಾಗಿ ಅಕ್ಕಿಯ ಹಿಟ್ಟು, ತೌಡಿನ ಪುಡಿ, ಸಣ್ಣ ನುಚ್ಚು ಚಾರ್ಜಿಂಗ್ ತೂತಿಗೆ ಸೇರಿ ತೇವಕ್ಕೆ ಗಂಜಿಯಾಗಿ ಅಂಟುತ್ತವೆ. ಅಕ್ಕಿಯಲ್ಲಿ ಇಡಬೇಡಿ, ಅದರ ಕಣಗಳಿಂದ ಹಾನಿಯಾದೀತು ಅಂತ ಆಪಲ್ ಕಂಪನಿ ತನ್ನ ಬಳಕೆದಾರರಿಗೆ ಬರೆದೇ ಹೇಳಿದೆ. 2024ರ ಶುರುವಿನಲ್ಲಿ ಅದು ದೊಡ್ಡ ಸುದ್ದಿಯೂ ಆಗಿತ್ತು. “ನಮ್ಮ ಫೋನ್ ಅಕ್ಕಿಯಿಂದಲೇ ಬದುಕಿತು” ಅನ್ನುವವರು ಇದ್ದಾರೆ. ಅದು ಬದುಕಿದ್ದು ಎರಡು ದಿನ ಯಾರೂ ಆನ್ ಮಾಡದೆ ಬಿಟ್ಟಿದ್ದರಿಂದ.

ಹೇರ್ ಡ್ರೈಯರ್ ಕೂಡ ಬೇಡ. ಅದು ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಪರದೆಯ ಅಂಟು ಬಿಡಿಸುತ್ತದೆ. ಬಿಸಿಲು, ಕಾರಿನ ಡ್ಯಾಶ್‌ಬೋರ್ಡ್, ಗ್ಯಾಸ್ ಒಲೆಯ ಪಕ್ಕ, ಓವನ್, ಯಾವುದೂ ಬೇಡ. ಐಫೋನನ್ನು 45 ಡಿಗ್ರಿಗಿಂತ ಬಿಸಿಯ ಜಾಗದಲ್ಲಿ ಇಡಬೇಡಿ ಅಂತ ಆಪಲ್ ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅಷ್ಟು ಬಿಸಿ ಸುಲಭವಾಗಿ ದಾಟುತ್ತದೆ. ಫ್ರಿಜ್ಜಿನಲ್ಲಿ ಇಡುವುದೂ ತಪ್ಪು. ಹೊರಗೆ ತೆಗೆದ ಕೂಡಲೇ ತಂಪು ಲೋಹದ ಮೇಲೆ ಹೊಸದಾಗಿ ಹನಿ ಕಟ್ಟುತ್ತದೆ.

ಹಂತ 6: ಆನ್ ಮಾಡುವ ಹೊತ್ತು

ಮೊದಲು ಕ್ಯಾಮೆರಾ ಗಾಜು ನೋಡಿ. ಒಳಗೆ ಮಂಜು ಕಟ್ಟಿದ್ದರೆ ಇನ್ನೂ ಒಂದು ದಿನ ಬಿಡಿ. ಇಲ್ಲದಿದ್ದರೆ ಚಾರ್ಜರ್ ಹಾಕದೆ, ಉಳಿದ ಬ್ಯಾಟರಿಯಲ್ಲೇ ಆನ್ ಮಾಡಿ. ಎದ್ದರೆ ಮಾಡಬೇಕಾದ ಮೊದಲ ಕೆಲಸ ಫೋಟೋ, ನಂಬರು, ವಾಟ್ಸಾಪ್ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳುವುದು. ನೆನೆದ ಫೋನ್ ಒಂದು ವಾರ ಚೆನ್ನಾಗಿದ್ದು ಆಮೇಲೆ ಸುಮ್ನೆ ನಿಂತುಹೋಗುವುದು ಮಾಮೂಲು. ಒಳಗಿನ ಕಿಲುಬು ಅಷ್ಟು ದಿನ ತೆಗೆದುಕೊಳ್ಳುತ್ತದೆ.

ಆಮೇಲೆ ಚಾರ್ಜಿಗೆ ಹಾಕಿ, ಮೊದಲ ಸಲ ಪಕ್ಕದಲ್ಲೇ ಕೂತಿರಿ. ಚಾರ್ಜಿಂಗ್ ತೂತಿನ ಹತ್ತಿರ ಬಿಸಿಯಾದರೆ ಕಿತ್ತುಬಿಡಿ. ತಲೆದಿಂಬಿನ ಪಕ್ಕ ಚಾರ್ಜಿಗಿಟ್ಟು ಮಲಗುವ ಅಭ್ಯಾಸವನ್ನು ಈ ಫೋನಿನ ಜೊತೆ ಬಿಡಿ.

ಕೆಲವು ಸಲ ಫೋನ್ ಪೂರ್ತಿ ಚೆನ್ನಾಗಿರುತ್ತದೆ, ಚಾರ್ಜರ್ ಹಾಕಿದಾಗ ಮಾತ್ರ ತೇವ ಇದೆ ಅನ್ನುವ ಸೂಚನೆಯೋ ನೀರಹನಿಯ ಗುರುತೋ ಬರುತ್ತದೆ. ಇದು ಹೆದರುವ ವಿಷಯವಲ್ಲ. ಕೇಬಲ್ ತೆಗೆದು, ತೂತು ಕೆಳಗೆ ಮಾಡಿ ತಟ್ಟಿ, ಕನಿಷ್ಠ ಅರ್ಧ ಗಂಟೆ ಗಾಳಿಗೆ ಬಿಡಿ. ಪೂರ್ತಿ ಆರಲು ಒಂದು ದಿನ ಹಿಡಿದರೂ ಹಿಡಿಯಬಹುದು. ಕೇಬಲ್ಲಿನ ತುದಿಯೂ ಒದ್ದೆಯಾಗಿದೆಯಾ ಅಂತ ನೋಡಲು ಮರೆಯಬೇಡಿ.

ಹಂತ 7: ಅಂಗಡಿಯಲ್ಲಿ ಏನು ಹೇಳಬೇಕು

ಮೈಸೂರಿನ ದೇವರಾಜ ಅರಸು ರಸ್ತೆ ಕಡೆ ಹೋಗಿ, ಮಂಡ್ಯದ ನೂರಡಿ ರಸ್ತೆ ಕಡೆ ಹೋಗಿ, ಅಂಗಡಿಯವರು ಮೊದಲು ಕೇಳುವುದು “ಏನಾಗಿತ್ತು?” ಅಂತ. ನಿಜ ಹೇಳಿ. “ಸುಮ್ನೆ ನಿಂತೋಯ್ತು” ಅಂದರೆ ಅವರು ಬ್ಯಾಟರಿ ಕಡೆ ನೋಡುತ್ತಾರೆ, ನಿಮ್ಮ ಒಂದು ದಿನ ಹೋಗುತ್ತದೆ. ಮುಚ್ಚಿಟ್ಟರೂ ನಿಲ್ಲುವುದಿಲ್ಲ. ಬಹಳ ಫೋನುಗಳ ಒಳಗೆ ಬಿಳಿಯ ಸಣ್ಣ ಚೀಟಿ ಅಂಟಿಸಿರುತ್ತಾರೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ವಾರಂಟಿಯಲ್ಲಿ ನೀರಿನ ಹಾನಿ ಸಾಮಾನ್ಯವಾಗಿ ಸೇರುವುದಿಲ್ಲ. ಬೇರೆಯಾಗಿ ವಿಮೆ ಮಾಡಿಸಿದ್ದರೆ ಮಾತ್ರ ಆ ಕಾಗದ ಹುಡುಕಿ, ಬಿಚ್ಚಿಸುವ ಮೊದಲೇ ಅವರಿಗೆ ತಿಳಿಸಿ.

“ಬೋರ್ಡ್ ವಾಶ್ ಮಾಡ್ತೀರಾ?” ಅಂತ ಕೇಳಿ. ಬ್ಯಾಟರಿ ಕನೆಕ್ಷನ್ ಬಿಡಿಸಿ, ಬೋರ್ಡನ್ನು ಐಪಿಎಯಲ್ಲಿ ತೊಳೆಯುವುದಕ್ಕೆ ಅವರು ಬಳಸುವ ಮಾತು ಅದು. ಕೆಲವರ ಹತ್ತಿರ ಅಲ್ಟ್ರಾಸೋನಿಕ್ ಯಂತ್ರವಿರುತ್ತದೆ. ದ್ರಾವಣದಲ್ಲಿ ಕಿವಿಗೆ ಕೇಳದಷ್ಟು ವೇಗದ ಅಲೆ ಎಬ್ಬಿಸಿ ಚಿಪ್ಪಿನ ಅಡಿಯ ಕೊಳೆಯನ್ನೂ ತೆಗೆಯುತ್ತದೆ. ಬರೀ ಬಿಸಿಗಾಳಿ ಹಿಡಿದು “ಆಯ್ತು ಸಾರ್” ಅಂದರೆ ಕೆಲಸ ಅರ್ಧ ಆಗಿದೆ ಅಂತ ತಿಳಿಯಿರಿ. ಬೋರ್ಡ್ ಹೋಗಿದೆ ಅಂದರೆ ತೋರಿಸಿ ಅನ್ನಿ. ಕಿಲುಬು ಬರಿಗಣ್ಣಿಗೇ ಕಾಣುತ್ತದೆ. ಡೇಟಾ ಅಳಿಸಬಾರದು ಅಂತ ಮೊದಲೇ ಹೇಳಿ. ಪಾಸ್‌ವರ್ಡ್ ಬರೆದುಕೊಡುವ ಬದಲು ಪರೀಕ್ಷೆ ಮಾಡುವಾಗ ನೀವೇ ಮುಂದೆ ನಿಂತು ತೆರೆದುಕೊಡಿ.

“ನಮ್ಮದು ವಾಟರ್‌ಪ್ರೂಫ್ ಫೋನು, ಏನಾಗಲ್ಲ”

ಪೆಟ್ಟಿಗೆಯ ಮೇಲೆ ಐಪಿ67, ಐಪಿ68 ಅಂತ ಇರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 7 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಅಂದರೆ ಅದಕ್ಕಿಂತ ಜಾಸ್ತಿ, ಎಷ್ಟು ಅನ್ನುವುದನ್ನು ಆ ಕಂಪನಿ ಹೇಳುತ್ತದೆ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ನಿಂತ ಸಿಹಿ ನೀರಿನಲ್ಲಿ. ಶಿವನಸಮುದ್ರದಲ್ಲಿ ಮೇಲಿಂದ ಬೀಳುವ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸಲ ಕೆಳಗೆ ಬಿದ್ದು ಅಂಚು ಬಿಟ್ಟಿದ್ದರೆ, ಪರದೆ ಬದಲಾಯಿಸಿದ್ದರೆ ಆ ಅಂಕಿಯನ್ನು ನಂಬಬೇಡಿ. ಅಂಟು ಮೊದಲಿನ ಹಾಗಿರುವುದಿಲ್ಲ.

ಉಳಿದ ಸಾಮಾನು

ಕಿವಿಯ ಬಡ್ಸ್ ನೆನೆದರೆ ಒದ್ದೆಯಲ್ಲೇ ಡಬ್ಬಿಗೆ ಹಾಕಬೇಡಿ, ಹಾಕಿದ ಕೂಡಲೇ ಚಾರ್ಜ್ ಶುರುವಾಗುತ್ತದೆ. ರಬ್ಬರ್ ತುದಿ ತೆಗೆದು, ಜಾಲರಿ ಕೆಳಗೆ ಮಾಡಿ ಬಟ್ಟೆಯ ಮೇಲಿಡಿ. ಡಬ್ಬಿಯನ್ನು ಮುಚ್ಚಳ ತೆರೆದು ಬೋರಲು ಇಡಿ. ಒಗೆಯುವ ಪ್ಯಾಂಟಿನ ಜೇಬಿನಲ್ಲಿ ಹೋದ ಬಡ್ಸ್ ಹೀಗೆ ಮಾಡಿದರೆ ಎಷ್ಟೋ ಸಲ ಬದುಕುತ್ತವೆ.

ಕಾರು, ಸ್ಕೂಟರಿನ ರಿಮೋಟ್ ಕೀಲಿಯಲ್ಲಿ ನಾಣ್ಯದಂಥ ಸೆಲ್ ಇರುತ್ತದೆ. ಬಿಚ್ಚಿ ತೆಗೆದು, ಬೋರ್ಡ್ ಒರೆಸಿ ಆರಿಸಿ, ಹೊಸ ಸೆಲ್ ಹಾಕಿ. ಹಳೆಯ ಸೆಲ್ ಮಗುವಿನ ಕೈಗೆ ಸಿಗದಿರಲಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ ಅದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಮನೆಯ ಹಿರಿಯರ ಕಿವಿಯಂತ್ರ ಬಹಳ ದುಬಾರಿ ವಸ್ತು, ಸ್ನಾನಕ್ಕೆ ಹೋಗುವಾಗ ತೆಗೆಯಲು ಮರೆಯುವುದೂ ಸಹಜ. ಬ್ಯಾಟರಿ ಬಾಗಿಲು ತೆರೆದು ಸೆಲ್ ತೆಗೆಯಿರಿ, ಒರೆಸಿ, ಸಿಲಿಕಾ ಡಬ್ಬದಲ್ಲಿ ರಾತ್ರಿಯಿಡೀ ಇಡಿ. ಮಳೆಗಾಲದಲ್ಲಿ ಬೆವರು, ತೇವಕ್ಕಾಗಿ ದಿನವೂ ರಾತ್ರಿ ಹೀಗೇ ಇಟ್ಟರೆ ಒಳ್ಳೆಯದು. ಶುಗರ್ ನೋಡುವ ಯಂತ್ರ, ಬಿಪಿ ಯಂತ್ರ ನೆನೆದರೆ ಒಣಗಿದ ಮೇಲೆ ಆನ್ ಆದರೂ ಅದರ ಅಂಕಿ ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಆಸ್ಪತ್ರೆಯ ಅಥವಾ ಲ್ಯಾಬಿನ ಅಂಕಿಯ ಜೊತೆ ಹೋಲಿಸಿ ನೋಡಿ. ಸ್ಟ್ರಿಪ್ಪಿನ ಡಬ್ಬಿಗೆ ನೀರು ಹೋಗಿದ್ದರೆ ಸ್ಟ್ರಿಪ್ಪುಗಳನ್ನು ಎಸೆಯಿರಿ.

ಪವರ್ ಬ್ಯಾಂಕ್ ಪೂರ್ತಿ ಮುಳುಗಿದ್ದರೆ ಉಳಿಸಲು ಹೋಗಲೇಬೇಡಿ. ಅದರಲ್ಲಿ ಬ್ಯಾಟರಿ ಬಿಟ್ಟರೆ ಉಳಿಸುವಂಥದ್ದು ಏನೂ ಇಲ್ಲ, ಅಪಾಯವಿರುವುದೂ ಆ ಬ್ಯಾಟರಿಯಲ್ಲೇ. ಚಾರ್ಜಿಗೆ ಹಾಕಬೇಡಿ, ಬಿಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ, ಸುಡುವುದು ಕಸ ಎತ್ತುವವರ ಕೈ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ತನಕ ಮನೆಯ ಹೊರಗೆ, ಮಳೆ ಬಿಸಿಲು ತಾಗದ ಮೂಲೆಯಲ್ಲಿ, ಒಂದು ಮಡಕೆಯಲ್ಲಿ ಒಣ ಮರಳು ಹಾಕಿ ಅದರೊಳಗೆ ಇಡಿ.